ಗೆಳೆಯನಿಗೊಂದು ಪತ್ರ: ಅಪ್ಪನ ಕಿವಿ ಮತ್ತು ಸೂಳೆಕೆರೆಯ ಹೆಬ್ಬಾತುಗಳು

ದಾವಣಗೆರೆ,
ಫೆಬ್ರವರಿ ಮೊದಲ ವಾರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂದು ಮೂರು ತಿಂಗಳು ಕಳೆದವು. ಉತ್ತರಿಸಲು ತಡಮಾಡಿದ್ದಕ್ಕೆ ಕ್ಷಮೆಯಿರಲಿ. ತಡವಾದದ್ದು ಉದಾಸೀನದಿಂದಲ್ಲ. ಜೂನ್ ತಿಂಗಳಲ್ಲಿ ನಿನ್ನ ಅಮ್ಮನನ್ನು ಕರೆದುಕೊಂಡು ಲಡಾಖಿನ ಸೋ ಮೊರಿರಿ ಸರೋವರಕ್ಕೆ ಹೋದದ್ದನ್ನೂ, ಕೊರ್ಜೋಕ್ ಹಳ್ಳಿಯ ಕೆಳಗಿನ ಜೌಗಿನಲ್ಲಿ ಪಟ್ಟೆತಲೆ ಹೆಬ್ಬಾತುಗಳು ಮರಿಗಳನ್ನು ಹಿಂದಿಟ್ಟುಕೊಂಡು ಈಜುತ್ತಿದ್ದುದನ್ನೂ ಎಷ್ಟು ಚೆನ್ನಾಗಿ ಬರೆದಿದ್ದೆಯೆಂದರೆ, ಅದನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಬೇಕಾಯಿತು. ಪತ್ರದ ಕೊನೆಯಲ್ಲಿ ನೀನು ಒಂದು ಪ್ರಶ್ನೆ ಕೇಳಿದ್ದೆ: ‘ಈ ಹಕ್ಕಿಗಳು ಚಳಿಗಾಲದಲ್ಲಿ ನಮ್ಮ ಕಡೆಯ ಕೆರೆಗಳಿಗೂ ಬರುತ್ತವಂತೆ, ನೀನು ನೋಡಿದ್ದೀಯಾ?’ ನಾನು ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ನೋಡಿದ್ದೆ, ನಮ್ಮ ಜಿಲ್ಲೆಯಲ್ಲಿ ನೋಡಿರಲಿಲ್ಲ. ನೋಡಿಯೇ ಬರೆಯೋಣವೆಂದು ಕಾದೆ. ಕಳೆದ ಭಾನುವಾರ ಅಪ್ಪನೂ ನಾನೂ ಸೂಳೆಕೆರೆಗೆ ಹೋಗಿ ಬೆಳಗಿನಿಂದ ಸಂಜೆಯವರೆಗೆ ನಡೆದು ಬಂದೆವು. ಆ ದಿನದ ಬಗ್ಗೆ ಬರೆಯುವ ಮೊದಲು ಅಪ್ಪನ ಕಿವಿಯ ಬಗ್ಗೆ ಬರೆಯಬೇಕು. ಅದನ್ನು ಬಿಟ್ಟರೆ ಉಳಿದದ್ದು ನಿನಗೆ ಅರ್ಥವಾಗದು.

ಅಪ್ಪ ಭದ್ರಾ ನಾಲೆಯಲ್ಲಿ ಸೌಡಿಯಾಗಿದ್ದರೆಂಬುದು ನಿನಗೆ ಗೊತ್ತು. ಮೂವತ್ತೊಂದು ವರ್ಷ ಸೈಕಲ್ಲಿನ ಮೇಲೆ ನಾಲೆಯ ಏರಿಯಲ್ಲಿ ಓಡಾಡಿ, ಯಾವ ತೂಬಿಗೆ ಎಷ್ಟು ನೀರು, ಯಾವ ದಿನ ಯಾರ ಸರದಿ ಎಂದು ನೋಡಿಕೊಂಡವರು. ಆ ಕೆಲಸಕ್ಕೆ ಕಣ್ಣಿಗಿಂತ ಕಿವಿ ಮುಖ್ಯವೆಂದು ಅವರು ಹೇಳುತ್ತಿದ್ದರು. ರಾತ್ರಿ ಏರಿಯ ಮೇಲೆ ಮಲಗಿದಾಗ ಕಾಲುವೆಯ ನೀರಿನ ಸದ್ದು ಒಂದು ಎಳೆ ತೆಳುವಾದರೂ ಅವರಿಗೆ ಎಚ್ಚರವಾಗುತ್ತಿತ್ತು. ಮೇಲೆ ಎಲ್ಲೋ ಯಾರೋ ಸರದಿ ತಪ್ಪಿಸಿ ತೂಬು ಎತ್ತಿದ್ದಾರೆಂದು ತಿಳಿದು ಟಾರ್ಚ್ ಹಿಡಿದು ಹೊರಡುತ್ತಿದ್ದರು. ಕೊನೆಯ ಭಾಗದ ರೈತನ ಗದ್ದೆಗೆ ನೀರು ಮುಟ್ಟದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅದೇ ಕಿವಿಯಿಂದ ಅವರು ಹಕ್ಕಿಗಳನ್ನು ಕಲಿತರು. ಅವರ ಕೈಯಲ್ಲಿ ಪುಸ್ತಕವಿರಲಿಲ್ಲ, ದುರ್ಬೀನು ಇರಲಿಲ್ಲ. ಶಾಲೆಗೆ ರಜೆಯಿದ್ದಾಗ ನನ್ನನ್ನು ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು ಹೋಗುತ್ತ, ಪೆಡಲು ನಿಲ್ಲಿಸಿ, ‘ಯಾವುದು?’ ಎಂದಷ್ಟೇ ಕೇಳುತ್ತಿದ್ದರು. ನಾನು ಕಣ್ಣಾಡಿಸಿದರೆ ನನ್ನ ಕಣ್ಣು ಮುಚ್ಚಿ, ‘ನೋಡಬೇಡ, ಕೇಳು’ ಎನ್ನುತ್ತಿದ್ದರು. ಟಿಟ್ಟಿಭ, ಗೌಜುಗ, ಮಧುರಕಂಠ, ಟುವ್ವಿ, ಸೂರಕ್ಕಿ, ಇವೆಲ್ಲ ನನಗೆ ಮೊದಲು ಕಿವಿಯಿಂದ ಪರಿಚಯವಾಗಿ, ರೂಪ ಆಮೇಲೆ ಬಂದದ್ದು ಹೀಗೆ.

ಹೋದ ಯುಗಾದಿಯ ಹೊತ್ತಿಗೆ ನಡೆದ ಒಂದು ಸಣ್ಣ ಸಂಗತಿ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಹಿತ್ತಲಿನ ದಾಸವಾಳದ ಗಿಡದ ಕೆಳಗೆ ಅಪ್ಪ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ‘ಈ ಸರ್ತಿ ಸೂರಕ್ಕಿ ಬರ್ಲೇ ಇಲ್ಲ ನೋಡು, ಹಕ್ಕಿಗಳೇ ಕಡಿಮೆ ಆಗ್ಬಿಟ್ವು’ ಎಂದರು. ಅವರು ಆ ಮಾತನ್ನು ಹೇಳುತ್ತಿದ್ದಾಗಲೇ ಅವರ ತಲೆಯಿಂದ ಎರಡು ಮೊಳ ಮೇಲೆ, ಎಲೆಗಳ ಮರೆಯಲ್ಲಿ ಗಂಡು ಸೂರಕ್ಕಿಯೊಂದು ಬಿಡದೆ ಚಿವಿಚಿವಿಗುಟ್ಟುತ್ತಿತ್ತು. ನಾನು ಏನೂ ಹೇಳಲಾರದೆ ಒಳಗೆ ಹೋದೆ. ಅಡುಗೆಮನೆಯಲ್ಲಿ ನಿಂತು ಲೆಕ್ಕ ಹಾಕಿದಾಗ, ಎರಡು ಮೂರು ವರ್ಷಗಳಿಂದ ಅವರು ಹಾಗೆ ಒಂದೊಂದೇ ಹಕ್ಕಿಯ ಹೆಸರು ಹಿಡಿದು ‘ಅದೂ ಹೋಯಿತು’ ಎನ್ನುತ್ತಿದ್ದುದು ನೆನಪಾಯಿತು. ಮೊದಲು ಹೂಗುಬ್ಬಿ ಹೋಯಿತು, ಆಮೇಲೆ ಚಳಿಗಾಲದ ಉಲಿಯಕ್ಕಿ ಹೋಯಿತು, ಈಗ ಸೂರಕ್ಕಿ. ಅವರು ಹೇಳಿದ ಕ್ರಮ ಆ ಹಕ್ಕಿಗಳ ದನಿಯ ಎತ್ತರದ ಕ್ರಮವೇ ಆಗಿತ್ತು. ಅತ್ಯಂತ ತೆಳುದನಿಯದು ಮೊದಲು ಮಾಯವಾಗಿತ್ತು.

ಕಿವಿಯ ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಅವರು ತೋರಿಸಿದ ನಕ್ಷೆಯಲ್ಲಿ ಗೆರೆಯು ದಪ್ಪದನಿಗಳಿರುವ ಎಡಗಡೆ ಸಮತಟ್ಟಾಗಿ ಬಂದು, ತೆಳುದನಿಗಳ ಕಡೆಗೆ 3000 ಹರ್ಟ್ಸ್ ದಾಟುತ್ತಿದ್ದಂತೆ ಬೆಟ್ಟದ ಇಳಿಜಾರಿನಂತೆ ಕೆಳಗೆ ಜಾರಿತ್ತು. ಕಿವಿಯ ಒಳಗೆ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಅಂಗದಲ್ಲಿ ಸುಮಾರು 15,000 ಕೂದಲಕೋಶಗಳು ಸಾಲಾಗಿರುತ್ತವೆಂದೂ, ಅದರ ಬಾಗಿಲಿನ ಹತ್ತಿರವಿರುವ ಕೋಶಗಳು ತೆಳುದನಿಯನ್ನೂ ತುದಿಯಲ್ಲಿರುವವು ದಪ್ಪದನಿಯನ್ನೂ ಹಿಡಿಯುತ್ತವೆಂದೂ, ವಯಸ್ಸಾದಂತೆ ಬಾಗಿಲ ಬಳಿಯವೇ ಮೊದಲು ಸಾಯುತ್ತವೆಂದೂ ಅವರು ಸಮಾಧಾನದಿಂದ ವಿವರಿಸಿದರು. ಸ, ಶ, ಚ ಮೊದಲಾದ ವ್ಯಂಜನಗಳೂ ಆ ಮೇಲಿನ ಭಾಗದಲ್ಲೇ ಇರುವುದರಿಂದ ಹಿರಿಯರು ‘ನೀನು ಮಾತಾಡುವುದು ಕೇಳುತ್ತದೆ, ತಿಳಿಯುವುದಿಲ್ಲ’ ಎನ್ನುತ್ತಾರಂತೆ. ಅಪ್ಪ ಅದೇ ಮಾತನ್ನು ಅಮ್ಮನಿಗೆ ಎಷ್ಟೋ ಸಲ ಹೇಳಿದ್ದರು. ನಾವು ಅದನ್ನು ಗಮನವಿಲ್ಲದಿರುವಿಕೆ ಎಂದುಕೊಂಡಿದ್ದೆವು. ಸತ್ತ ಕೂದಲಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆದರೆ ಹಕ್ಕಿಗಳಲ್ಲಿ ಹುಟ್ಟುತ್ತದೆ. ದೊಡ್ಡ ಸದ್ದಿನಿಂದಲೋ ಔಷಧಿಯಿಂದಲೋ ಕಿವಿ ಹಾಳಾದ ಹಕ್ಕಿಯಲ್ಲಿ ಕೆಲವೇ ವಾರಗಳೊಳಗೆ ಹೊಸ ಕೋಶಗಳು ಬೆಳೆಯುತ್ತವೆಂಬುದು 1988ರ ಹೊತ್ತಿಗೆ ಸಂಶೋಧಕರಿಗೆ ಖಚಿತವಾಯಿತು. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ‘ಇರ್ಲಿ ಬಿಡು, ಅವಕ್ಕೆ ಬೇಕು’ ಎಂದರು.

ಅಪ್ಪನ ಮಾತು ಪೂರ್ತಿ ತಪ್ಪೆಂದು ನಾನು ಹೇಳುತ್ತಿಲ್ಲ. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯು 942 ಪ್ರಭೇದಗಳನ್ನು ಪರಿಶೀಲಿಸಿ, 178 ಪ್ರಭೇದಗಳನ್ನು ಹೆಚ್ಚಿನ ಕಾಳಜಿ ಬೇಕಾದವೆಂದು ಗುರುತಿಸಿದೆ. ಹಕ್ಕಿಗಳು ನಿಜವಾಗಿಯೂ ಕಡಿಮೆಯಾಗುತ್ತಿವೆ. ಆದರೆ ನಮ್ಮ ಹಿತ್ತಲಿನ ಸೂರಕ್ಕಿ ಕಡಿಮೆಯಾಗಿರಲಿಲ್ಲ. ಹೊರಗೆ ಆದ ನಷ್ಟ ಯಾವುದು, ತನ್ನೊಳಗೆ ಆದ ನಷ್ಟ ಯಾವುದು ಎಂದು ಬೇರ್ಪಡಿಸಲಾಗದೆ, ಇಡೀ ಲೋಕವೇ ಬರಿದಾಗುತ್ತಿದೆಯೆಂಬ ಸಂಕಟದಲ್ಲಿ ಒಬ್ಬ ಮನುಷ್ಯ ವರ್ಷಗಟ್ಟಲೆ ಒಬ್ಬನೇ ಕುಳಿತಿದ್ದನಲ್ಲ ಎಂಬುದು ನನ್ನನ್ನು ತಿನ್ನುತ್ತಿತ್ತು. ಆದ್ದರಿಂದ ನಿನ್ನ ಪತ್ರ ಓದಿದ ದಿನವೇ ಅಪ್ಪನಿಗೆ, ‘ಹೆಬ್ಬಾತು ಹುಡುಕೋಕೆ ಹೋಗೋಣ’ ಎಂದೆ. ಮಗನ ಒತ್ತಾಯಕ್ಕಾಗಿ ಒಪ್ಪಿದರೆಂದು ಮೊದಲು ಅನಿಸಿತು. ಆದರೆ ಭಾನುವಾರ ಬೆಳಗಿನ ಜಾವ ನಾನು ಎದ್ದಾಗ ಅವರು ಹಳೆಯ ಖಾಕಿ ಅಂಗಿ ತೊಟ್ಟು, ರೊಟ್ಟಿಯ ಬುತ್ತಿಯನ್ನು ಚೀಲದಲ್ಲಿಟ್ಟುಕೊಂಡು ಜಗಲಿಯ ಮೇಲೆ ಕುಳಿತಿದ್ದರು.

ಸೂಳೆಕೆರೆಯನ್ನು ನೀನು ಚಿಕ್ಕಂದಿನಲ್ಲಿ ಒಮ್ಮೆ ನೋಡಿದ್ದೆ, ಮರೆತಿರಬಹುದು. ಚನ್ನಗಿರಿ ತಾಲ್ಲೂಕಿನಲ್ಲಿ ಕೆರೆಬಿಳಚಿಯ ಬಳಿ, ಎರಡು ಗುಡ್ಡಗಳ ನಡುವಿನ ಕಣಿವೆಗೆ ಏರಿ ಕಟ್ಟಿ ನಿಲ್ಲಿಸಿದ ಈ ನೀರಿಗೆ ಸರ್ಕಾರದ ಕಡತಗಳಲ್ಲಿ ಶಾಂತಿಸಾಗರವೆಂದು ಹೆಸರು. ವಿಸ್ತೀರ್ಣ ಸುಮಾರು 6,550 ಎಕರೆ. ಹರಿದ್ರಾವತಿಯ ನೀರು ಇಲ್ಲಿ ನಿಂತು, ಮುಂದೆ ಹರಿದು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಅಷ್ಟು ದೊಡ್ಡ ಕೆರೆಗೆ ಏರಿ ಮಾತ್ರ ಅಚ್ಚರಿಯಾಗುವಷ್ಟು ಚಿಕ್ಕದು. ಬೆಟ್ಟಗಳೇ ಹೆಚ್ಚಿನ ಕೆಲಸ ಮಾಡುವ ಜಾಗವನ್ನು ಹುಡುಕಿ ಕಟ್ಟಿದವರ ಕಣ್ಣನ್ನು ಅಪ್ಪ ಪ್ರತಿ ಸಲವೂ ಹೊಗಳುತ್ತಾರೆ. ಏರಿಯ ಒಂದು ತುದಿಗೆ ಸಿದ್ಧನ ತೂಬು, ಇನ್ನೊಂದು ತುದಿಗೆ ಬಸವನ ತೂಬು. ಸ್ವರ್ಗಾವತಿ ಪಟ್ಟಣದ ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಆ ನೆಲ ಸೂಳೆಯರದಾಗಿತ್ತೆಂದೂ, ಕೆರೆಗೆ ತಮ್ಮ ಹೆಸರಿಡಬೇಕೆಂಬ ಒಪ್ಪಂದದ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರೆಂದೂ ಐತಿಹ್ಯವಿದೆ. ಊರಿನವರು ಇಂದಿಗೂ ಆ ಮಾತಿಗೆ ತಪ್ಪಿಲ್ಲ. ನಾನೂ ಈ ಪತ್ರದುದ್ದಕ್ಕೂ ಆ ಹೆಸರನ್ನೇ ಬಳಸುತ್ತೇನೆ. ಚಿತ್ರದುರ್ಗದ ಜನ ಕುಡಿಯುವ ನೀರೂ ಇಲ್ಲಿಯದೇ.

ಬೆಳಕು ಹರಿಯುವ ಹೊತ್ತಿಗೆ ಏರಿಯ ಮೇಲಿದ್ದೆವು. ಅಪ್ಪ ಮೊದಲು ಸಿದ್ಧೇಶ್ವರನಿಗೆ ಕೈಮುಗಿದು, ಆಮೇಲೆ ತೂಬಿನ ಬಳಿ ಬಗ್ಗಿ ನೀರಿನ ಸದ್ದು ಕೇಳಿಸಿಕೊಂಡರು. ‘ಇದು ಕೇಳ್ತದೆ’ ಎಂದು ತಲೆಯಾಡಿಸಿದರು. ಶ್ರವಣಯಂತ್ರವನ್ನು ಅವರು ಕಿವಿಗೆ ಹಾಕಿಕೊಂಡಿದ್ದರು. ಆದರೆ ಕೆರೆಯ ಮೇಲಿನಿಂದ ಬೀಸುವ ಗಾಳಿಯನ್ನೆಲ್ಲ ಅದು ಭೋರೆಂದು ಹಿಗ್ಗಿಸಿ ಕಿವಿಗೆ ತುಂಬುತ್ತಿದ್ದುದರಿಂದ ಹತ್ತು ನಿಮಿಷದೊಳಗೆ ತೆಗೆದು, ಸಣ್ಣ ಡಬ್ಬಿಯಲ್ಲಿ ಹಾಕಿ ಜೇಬಿನಲ್ಲಿಟ್ಟುಕೊಂಡರು. ಮನೆಯೊಳಗಿನ ಮಾತಿಗೆ ಅದು ನಿಜವಾಗಿಯೂ ಉಪಕಾರಿ. ಬಯಲಿನ ಗಾಳಿಗೆ ಅದಿನ್ನೂ ಸಿದ್ಧವಾಗಿಲ್ಲ.

ಏರಿಯ ಪಕ್ಕದ ಗುಡ್ಡವನ್ನು ನಾವು ಹತ್ತತೊಡಗಿದೆವು. ಕಾರೆ, ಕವಳೆ, ಜಾಲಿಗಳ ಮುಳ್ಳುಪೊದೆ, ನಡುನಡುವೆ ದಿಂಡಿಗದ ಮರ, ಕಾಲಿಗೆ ಸಿಗುವ ಸಡಿಲ ಕಲ್ಲು. ಅಪ್ಪನಿಗೆ ಎಪ್ಪತ್ತಮೂರು ವರ್ಷ. ಉಸಿರು ಗಟ್ಟಿಯಿದೆ, ಮಂಡಿ ಅಷ್ಟಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆವು, ಹಕ್ಕಿ ನೋಡುವವರಿಗೆ ಅದಕ್ಕಿಂತ ಒಳ್ಳೆಯ ನಡಿಗೆಯಿಲ್ಲ. ಮೊದಲ ಅರ್ಧ ಗಂಟೆ ನಾನು ಒಂದು ತಪ್ಪು ಮಾಡಿದೆ. ಪ್ರತಿ ಕೂಗಿಗೂ, ‘ಅಪ್ಪಾ, ಅಲ್ಲಿ ಟುವ್ವಿ, ಇಲ್ಲಿ ಹೂಗುಬ್ಬಿ’ ಎಂದು ಹೆಸರು ಹೇಳುತ್ತ ಹೋದೆ. ಅವರು ‘ಹೂಂ’ ಎನ್ನುತ್ತಿದ್ದರು, ಮುಖ ಮಾತ್ರ ಬಾಡುತ್ತ ಬಂತು. ತನಗೆ ಕೇಳದ್ದರ ಪಟ್ಟಿಯನ್ನು ಮಗ ಓದಿ ಹೇಳಿದರೆ ಯಾರಿಗೆ ಹಿತವಾದೀತು? ಆಮೇಲೆ ಸುಮ್ಮನಾದೆ. ಸುಮ್ಮನಾದ ಮೇಲೆ ಅಪ್ಪನೇ ಒಂದು ಉಪಾಯ ಹೇಳಿದರು: ‘ಕೇಳಿದ್ ಕಡೆ ಬೆರಳು ತೋರ್ಸು, ಹೆಸರು ಹೇಳ್ಬೇಡ. ಹುಡುಕೋದು ನನ್ ಕೆಲಸ.’

ಹಾಗೆ ಶುರುವಾಯಿತು ನೋಡು ನಿಜವಾದ ದಿನ. ನಾನು ಕಿವಿಗೊಟ್ಟು ದಿಕ್ಕು ತೋರಿಸುವುದು, ಅವರು ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಎಲೆ ಅಲುಗುವುದನ್ನು ಕಾಯುವುದು. ನಾಲೆಯ ಮೇಲೆ ಮೂರು ದಶಕ ದೂರ ನೋಡಿದ ಕಣ್ಣು ಅದು. ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಇನ್ನಷ್ಟು ಚುರುಕಾಗಿದೆ. ಹಸಿರು ಉಲಿಯಕ್ಕಿಯ ತೆಳು ಕರೆ ನನಗೆ ಮೂರು ಕಡೆಯಿಂದ ಕೇಳಿತು. ಎಂಟು ಗ್ರಾಮಿನಷ್ಟು ತೂಗುವ ಆ ಹಕ್ಕಿಯನ್ನು, ಎಲೆಯ ಬಣ್ಣದ್ದೇ ಮೈಯನ್ನು, ನಾನು ದುರ್ಬೀನು ಹಿಡಿದು ಹುಡುಕುತ್ತಿರುವಾಗಲೇ ಅಪ್ಪ ಬರಿಗಣ್ಣಿನಿಂದ ಕಂಡುಹಿಡಿದು, ‘ಆ ಒಣ ಕೊಂಬೆಯಿಂದ ಎಡಕ್ಕೆ ಎರಡನೇ ಟಿಸಿಲು’ ಎಂದರು. ಅದು ಎಲೆಯಡಿಯ ಹುಳುವನ್ನು ಹೆಕ್ಕುತ್ತಿತ್ತು, ಪ್ರತಿ ಬಾರಿ ಕೂಗುವಾಗ ಅದರ ಗಂಟಲು ಮಿಡಿಯುವುದು ಸ್ಪಷ್ಟವಾಗಿ ಕಾಣುತ್ತಿತ್ತು. ದುರ್ಬೀನನ್ನು ಅಪ್ಪನ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿ, ಹಕ್ಕಿಯ ಗಂಟಲು ಮಿಡಿದಾಗಲೆಲ್ಲ ಬೆರಳಿನಿಂದ ತಮ್ಮ ತೊಡೆಯ ಮೇಲೆ ಮೆಲ್ಲನೆ ತಾಳ ಹಾಕಿದರು. ನಾನು ಕೇಳುತ್ತಿದ್ದ ಕರೆಗೂ ಆ ತಾಳಕ್ಕೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಗೆಳೆಯಾ, ಆ ಎರಡು ನಿಮಿಷಕ್ಕಾಗಿ ನಾನು ಎಷ್ಟು ದೂರ ಬೇಕಾದರೂ ನಡೆಯುತ್ತೇನೆ.

ಗುಡ್ಡದ ನೆತ್ತಿಯ ಬಳಿ, ಬಿಳಿಯ ಹಿಕ್ಕೆ ಸೋರಿದ ಬಂಡೆಯೊಂದನ್ನು ಕಂಡು ಅಪ್ಪ ನನ್ನ ತೋಳು ಹಿಡಿದು ನಿಲ್ಲಿಸಿದರು. ಬಂಡೆಯ ಸಂದಿನಲ್ಲಿ ಕೊಂಬಿನ ಗೂಬೆ ಕುಳಿತಿತ್ತು. ಕಂದು ಮೈ, ಕಿವಿಯಂತೆ ನಿಮಿರಿದ ಗರಿ, ಅರೆತೆರೆದ ಕಿತ್ತಳೆ ಬಣ್ಣದ ಕಣ್ಣು. ಎರಡು ವರ್ಷದಿಂದ ಈ ಗುಡ್ಡಗಳಲ್ಲಿ ಓಡಾಡಿದರೂ ನಾನು ಅದನ್ನು ಕಂಡಿರಲಿಲ್ಲ. ಅದರ ಗೂಡಿನ ಕಾಲವಾಗಿರಬಹುದೆಂದು ಹತ್ತಿರ ಹೋಗದೆ, ಚಿತ್ರ ತೆಗೆಯದೆ, ಬಳಸಿಕೊಂಡು ಇಳಿದೆವು. ಕೆಳಗಿನ ಪೊದೆಯಿಂದ ಕೆಂಬೂತವೊಂದು (ಅಪ್ಪನ ಮಾತಿನಲ್ಲಿ ರತ್ನಪಕ್ಷಿ) ‘ಊಪ್ ಊಪ್ ಊಪ್’ ಎಂದು ಕೂಗಿತು. ಅಪ್ಪ ಥಟ್ಟನೆ ತಿರುಗಿ, ‘ರತ್ನಪಕ್ಷಿ!’ ಎಂದರು. ಅವರ ಮುಖ ಅರಳಿದ್ದನ್ನು ನೋಡಿ ನನಗೆ ಒಂದು ಸಂಗತಿ ಹೊಳೆಯಿತು. ಕೆಂಬೂತದ ದನಿ ಮಡಕೆಯೊಳಗೆ ಊದಿದಂತೆ ದಪ್ಪ, ತಗ್ಗು. ನಕ್ಷೆಯ ಎಡಗಡೆಯ ಸಮತಟ್ಟು ಭಾಗದಲ್ಲಿ ಬರುವಂಥದು. ಅಪ್ಪನಿಗೆ ಹಕ್ಕಿಗಳೆಲ್ಲ ಹೋಗಿಲ್ಲ. ಕೆಂಬೂತವಿದೆ, ಗೂಬೆಯಿದೆ, ಬೆಳವವಿದೆ, ಕಾಡುಕಾಗೆಯಿದೆ. ಹೆಬ್ಬಾತಿನ ದನಿಯೂ ದಪ್ಪವೇ. ಆದರೆ ಅದನ್ನು ಆಗ ಬಾಯಿಬಿಟ್ಟು ಹೇಳಲಿಲ್ಲ. ಹಕ್ಕಿ ಸಿಗದಿದ್ದರೆ ಅವರಿಗೆ ಎರಡು ಪಟ್ಟು ನಿರಾಸೆಯಾದೀತೆಂದು ಸುಮ್ಮನಿದ್ದೆ.

ಮಧ್ಯಾಹ್ನ ನೀರಂಚಿನ ಹುಣಸೆಮರದ ಕೆಳಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು ಉಂಡೆವು. ನೀರಂಚಿನುದ್ದಕ್ಕೂ ನಡೆದಾಗ ಕಂಡದ್ದನ್ನೆಲ್ಲ ಬರೆದರೆ ಕಾಗದ ಸಾಲದು: ಬಾಯ್ಕಳಕ, ಚಮಚಕೊಕ್ಕು, ನಾಮದ ಕೋಳಿಗಳ ದೊಡ್ಡ ಹಿಂಡು, ಕೆರೆಯ ಮಧ್ಯದ ಒಣಮರದ ತುಂಬ ರೆಕ್ಕೆ ಹರಡಿ ಕುಳಿತ ನೀರುಕಾಗೆಗಳು. ಇವುಗಳ ನಡುವೆ ಮೀನುಡೇಗೆಯೊಂದು ಎತ್ತರದಿಂದ ಕಾಲು ಮುಂದೆ ಮಾಡಿ ನೀರಿಗೆ ಧುಮುಕಿ, ಮೀನಿನ ತಲೆ ಮುಂದಕ್ಕಿರುವಂತೆ ಹಿಡಿದು ಹಾರಿಹೋದದ್ದು ಮಾತ್ರ ಬೇರೆಯಾಗಿ ಹೇಳಬೇಕಾದ್ದು. ಹೆಬ್ಬಾತು ಎಲ್ಲಿಯೂ ಇರಲಿಲ್ಲ. ಕುರಿ ಕಾಯುತ್ತಿದ್ದ ಒಬ್ಬ ಹಿರಿಯರನ್ನು ಕೇಳಿದಾಗ, ಹಿನ್ನೀರಿನ ಕಡೆ ಕಡಲೆ ಹೊಲಗಳಿಗೆ ದೊಡ್ಡ ಬೂದು ಬಾತುಗಳು ಬರುತ್ತವೆಂದೂ, ಹಗಲು ನೀರಿನ ನಡುವೆ ಎಲ್ಲೋ ನಿದ್ದೆ ಮಾಡಿ, ಹೊತ್ತು ಮುಳುಗುವಾಗ ಮೇಯಲು ಏಳುತ್ತವೆಂದೂ ಹೇಳಿದರು. ‘ಪೈರಿಗೆ ಬೀಳ್ತಾವೆ, ಓಡಿಸ್ತೀವಿ, ಹೊಡೆಯೋದಿಲ್ಲ’ ಎಂದು ಅವರೇ ಸೇರಿಸಿದರು. ಆ ಕೊನೆಯ ಮಾತು ಕೇಳಿ ಅಪ್ಪ ಅವರಿಗೆ ಎಲೆಯಡಿಕೆ ಕೊಟ್ಟರು.

ಕಾಯುತ್ತ ಕುಳಿತಾಗ ಅಪ್ಪನಿಗೆ ಈ ಹಕ್ಕಿಯ ವಿಷಯ ಹೇಳಿದೆ. ಗಾಳಿ ನಿಂತಿದ್ದರಿಂದ ಯಂತ್ರವನ್ನು ಮತ್ತೆ ಕಿವಿಗಿಟ್ಟುಕೊಂಡಿದ್ದರು. ನೀನು ಕಂಡ ಸೋ ಮೊರಿರಿ ಸಮುದ್ರ ಮಟ್ಟದಿಂದ 4,500 ಮೀಟರಿಗೂ ಎತ್ತರದಲ್ಲಿದೆ. ನಾವಿರುವ ದಾವಣಗೆರೆ 600 ಮೀಟರಿನ ಆಸುಪಾಸು. ಲಡಾಖ್, ಟಿಬೆಟ್, ಮಂಗೋಲಿಯಾ, ಕಿರ್ಗಿಸ್ತಾನಗಳ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಹೆಬ್ಬಾತುಗಳು ಅಲ್ಲಿನ ನೀರು ಹೆಪ್ಪುಗಟ್ಟುವ ಮೊದಲು ದಕ್ಷಿಣಕ್ಕೆ ಹೊರಡುತ್ತವೆ. ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಅವುಗಳ ದಾರಿಯನ್ನು ಹಿಂಬಾಲಿಸಿದಾಗ, ಹಿಮಾಲಯ ದಾಟುವಾಗ ಒಂದು ಹಕ್ಕಿ 7,290 ಮೀಟರ್ ಎತ್ತರ ಮುಟ್ಟಿದ್ದು ದಾಖಲಾಗಿದೆ. ಬಹುಪಾಲು ಹಕ್ಕಿಗಳು ಅಷ್ಟು ಮೇಲೆ ಹೋಗದೆ ಕಣಿವೆಗಳ ಏರಿಳಿತವನ್ನೇ ಅನುಸರಿಸಿ ಹಾರುತ್ತವೆ. ಅದೂ ಬಹುಮಟ್ಟಿಗೆ ರಾತ್ರಿ ಮತ್ತು ಬೆಳಗಿನ ಜಾವ, ಗಾಳಿ ತಣ್ಣಗೆ ದಟ್ಟವಾಗಿ ರೆಕ್ಕೆಗೆ ಆಧಾರ ಕೊಡುವ ಹೊತ್ತಿನಲ್ಲಿ. ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ಹಿಮೋಗ್ಲೋಬಿನ್ ಅವುಗಳ ರಕ್ತದಲ್ಲಿದೆ. ನೀನು ಕಂಡ ಹಕ್ಕಿಯೇ ಇಲ್ಲಿಗೆ ಬಂದೀತೆಂದು ಹೇಳಲು ಆಧಾರವಿಲ್ಲ. ಆದರೆ ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಅವು ಹಿಂಡುಗಟ್ಟಿ ಬರುವ ಮಾಗಡಿ ಕೆರೆಗೆ 2024ರಲ್ಲಿ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲದ, ಮಾನ್ಯತೆಯೂ ಸಿಕ್ಕಿತು. ಅಪ್ಪ ಇದನ್ನೆಲ್ಲ ಕೇಳಿ, ‘ರಾತ್ರಿ ಹಾರುವಾಗ ಒಂದಕ್ಕೊಂದು ತಪ್ಪಿಹೋಗಲ್ವಾ?’ ಎಂದರು. ‘ಕೂಗುತ್ತ ಹೋಗ್ತವೆ’ ಎಂದೆ.

ಹೊತ್ತು ಇಳಿಯಿತು. ಗುಡ್ಡದ ನೆರಳು ಉದ್ದವಾಗಿ ನೀರಿನ ಮೇಲೆ ಬಿತ್ತು. ಕೊನೆಯ ಬಸ್ಸಿನ ಹೊತ್ತಾಗುತ್ತಿದ್ದುದರಿಂದ ನಾನು ಚೀಲ ಕಟ್ಟುತ್ತಿದ್ದೆ. ಹತ್ತಿರದ ಜಾಲಿಯಲ್ಲಿ ಮತ್ತೊಂದು ಉಲಿಯಕ್ಕಿ ಕೂಗುತ್ತಿತ್ತು, ನನ್ನ ಗಮನವೆಲ್ಲ ಅತ್ತಲೇ ಇತ್ತು. ಅಷ್ಟರಲ್ಲಿ ಅಪ್ಪ ಕೈ ಎತ್ತಿದರು. ಸೈಕಲ್ಲಿನ ಪೆಡಲು ನಿಲ್ಲಿಸಿದಾಗ ಎತ್ತುತ್ತಿದ್ದ ಅದೇ ಕೈ, ಅದೇ ರೀತಿ. ‘ಯಾವುದು?’ ಎಂದರು.

ನನಗೆ ಏನೂ ಕೇಳಲಿಲ್ಲ. ಉಸಿರು ಹಿಡಿದು ನಿಂತೆ. ಉಲಿಯಕ್ಕಿ, ಜೀರುಂಡೆ, ದೂರದಲ್ಲೊಂದು ಟ್ರ್ಯಾಕ್ಟರ್. ತೆಳುದನಿಗಳೆಲ್ಲ ನನ್ನ ಕಿವಿಗೆ ತುಂಬಿಕೊಂಡಿದ್ದವು. ಅಪ್ಪನಿಗೆ ಅವು ಇರಲಿಲ್ಲ. ಅವರು ಪಡುವಣಕ್ಕೆ ಮುಖ ಮಾಡಿ, ‘ಅಲ್ಲಿ, ನೀರಿನ ಕಡೆಯಿಂದ. ದಪ್ಪ ದನಿ. ಒಂದಲ್ಲ, ಬಹಳ’ ಎಂದರು. ಮತ್ತೆ ಎಷ್ಟೋ ಕ್ಷಣಗಳ ನಂತರ ನನಗೂ ಕೇಳಿತು, ‘ಆಂಗ್, ಆಂಗ್’ ಎಂಬ ಮೂಗಿನ ದನಿ, ಒಂದರ ಮೇಲೊಂದು, ದೂರದ ಊರಿನ ಜಾತ್ರೆಯ ಗದ್ದಲ ಗಾಳಿಯಲ್ಲಿ ತೇಲಿ ಬಂದಂತೆ. ಆಮೇಲೆ ಕಂಡವು. ಮೊದಲು ಒಂದು ಓರೆಗೆರೆ, ಅದು ಒಡೆದು ಎರಡಾಗಿ, ಮತ್ತೆ ಕೂಡಿ ನಮ್ಮ ತಲೆಯ ಮೇಲೆಯೇ ಬಂತು. ಇಳಿಬಿಸಿಲಿಗೆ ಬೂದು ಮೈ ಹೊಂಬಣ್ಣಕ್ಕೆ ತಿರುಗಿತ್ತು; ಬಿಳಿಯ ತಲೆಯ ಹಿಂದಿನ ಎರಡು ಕಪ್ಪು ಪಟ್ಟೆಗಳು ದುರ್ಬೀನಿಲ್ಲದೆಯೂ ಕಾಣುವಷ್ಟು ತಗ್ಗಿನಲ್ಲಿ ಹಾರುತ್ತಿದ್ದವು. ರೆಕ್ಕೆಯ ಸದ್ದೂ ಕೇಳಿಸಿತು. ಅಪ್ಪ ಕೈಯನ್ನು ಇಳಿಸಿರಲೇ ಇಲ್ಲ.

ಅವು ಹಿನ್ನೀರಿನ ಆಚೆಯ ಹೊಲಗಳ ಮೇಲೆ ಸುತ್ತು ಹೊಡೆದು ಇಳಿಯುವವರೆಗೆ ನೋಡಿದೆವು. ನಾನು ಎಣಿಸುವುದನ್ನೂ ಮರೆತಿದ್ದೆ. ಅಪ್ಪ ಜೋಡಿಯ ಲೆಕ್ಕದಲ್ಲಿ ಎಣಿಸಿ, ‘ಇಪ್ಪತ್ತೊಂದು ಜೋಡಿ, ಮೇಲೊಂದು. ನಲವತ್ತಮೂರು. ಬರ್ಕೋ’ ಎಂದರು. ಪುಸ್ತಕ ತೆಗೆದು ಬರೆದುಕೊಂಡೆ. ಬಸ್ಸು ತಪ್ಪಿತು. ಅಡಿಕೆ ಹೇರಿಕೊಂಡು ಹೊರಟಿದ್ದ ಸಣ್ಣ ಲಾರಿಯವರು ದಾವಣಗೆರೆಯವರೆಗೆ ಕರೆದುಕೊಂಡು ಬಂದರು. ದಾರಿಯುದ್ದಕ್ಕೂ ಅಪ್ಪ ಚಾಲಕನಿಗೆ, ಕಿವಿಗೆ ಯಂತ್ರವಿಟ್ಟುಕೊಂಡು, ಹಿಮಾಲಯ ದಾಟುವ ಹಕ್ಕಿಯ ಕಥೆ ಹೇಳುತ್ತಿದ್ದರು. ರಾತ್ರಿ ಕೂಗುತ್ತ ಹೋಗುತ್ತವೆಂಬ ಭಾಗವನ್ನು ಎರಡು ಸಲ ಹೇಳಿದರು.

ಈಗ ಬೆಳಿಗ್ಗೆ ಹಿತ್ತಲಿನಲ್ಲಿ ಕುಳಿತಾಗ ಅವರು, ‘ಬಂದಿಲ್ಲ’ ಎನ್ನುವುದಿಲ್ಲ. ‘ಬಂದಿದೆಯಾ?’ ಎಂದು ಕೇಳುತ್ತಾರೆ. ನಾನು ಬೆರಳು ತೋರಿಸುತ್ತೇನೆ.

ಮಾರ್ಚ್ ಮುಗಿಯುವುದರೊಳಗೆ ಹೆಬ್ಬಾತುಗಳು ಇಲ್ಲಿಂದ ಹೊರಡುತ್ತವೆ. ಅಷ್ಟರೊಳಗೆ ಇನ್ನೊಮ್ಮೆ ಹೋಗಬೇಕೆಂದು ಅಪ್ಪ ಆಗಲೇ ದಿನ ಗೊತ್ತುಮಾಡಿದ್ದಾರೆ. ನೀನು ಬರುವುದಾದರೆ ಅಮ್ಮನನ್ನೂ ಕರೆದುಕೊಂಡು ಬಾ, ಗುಡ್ಡ ಹತ್ತದೆ ನೀರಂಚಿನಲ್ಲೇ ನಡೆಯೋಣ. ಈ ಪತ್ರವನ್ನು ಮುಗಿಸುವ ಮೊದಲು ಅಪ್ಪ ತಮ್ಮದೂ ಒಂದು ಪ್ರಶ್ನೆ ಸೇರಿಸಲು ಹೇಳಿದ್ದಾರೆ. ಸೋ ಮೊರಿರಿಯಲ್ಲಿ ನೀನು ಮರಿಗಳನ್ನು ಹತ್ತಿರದಿಂದ ಕಂಡೆಯಲ್ಲ, ಅವುಗಳ ಕೂಗು ತೆಳುವಾಗಿತ್ತೋ, ಅಪ್ಪ ಅಮ್ಮಂದಿರಂತೆ ದಪ್ಪವಾಗಿತ್ತೋ ಎಂದು ನೆನಪಿದ್ದರೆ ಬರೆಯಬೇಕಂತೆ.

ಇಂತಿ ನಿನ್ನ ಪ್ರೀತಿಯ,
ಗೆಳೆಯ